ಹದಿನಾರಾಣೆ ಸುಳ್ಳು: ಆನ್‌ಲೈನ್ ಹರಾಜಿನ ‘ರಾಮ ದರ್ಬಾರ್’ ನಾಣ್ಯ ಮತ್ತು ಅಸಲಿ ಇತಿಹಾಸ

 ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ನಿಮಗೊಂದು ಸಣ್ಣ ಕೆಲಸ. ಫೋನಲ್ಲಿ ಯಾವುದಾದರೂ ಹರಾಜು ಅಥವಾ ಸೆಕೆಂಡ್ ಹ್ಯಾಂಡ್ ಮಾರಾಟದ ಆ್ಯಪ್ ತೆಗೆದು ‘ಈಸ್ಟ್ ಇಂಡಿಯಾ ಕಂಪನಿ ರಾಮ ದರ್ಬಾರ್ ಕಾಯಿನ್’ ಅಂತ ಹುಡುಕಿ. ಕಪ್ಪಗಾದ ತಾಮ್ರದ್ದೋ ಹಿತ್ತಾಳೆಯದ್ದೋ ಬಿಲ್ಲೆಗಳು ಸಾಲಾಗಿ ಬರ್ತವೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮಂತ. ಇನ್ನೊಂದು ಕಡೆ ಇಂಗ್ಲಿಷಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಅರ್ಧ ಆಣೆ’ ಅಥವಾ ‘ಒಂದು ಆಣೆ’, ಕೆಳಗೆ ಇಸವಿ. 1616, 1717, ಇಲ್ಲಾಂದ್ರೆ 1818. ಕೆಲವರು ಇದನ್ನ ನೂರಿನ್ನೂರಕ್ಕೆ ಮಾರ್ತಾರೆ, ಕೆಲವರು ಲಕ್ಷಗಟ್ಟಲೆ ಕೇಳ್ತಾರೆ. ಎಲ್ಲರೂ ಬರೆಯೋದು ಒಂದೇ ಮಾತು: ಅತ್ಯಂತ ಅಪರೂಪ, ನೂರಕ್ಕೆ ನೂರು ಅಸಲಿ.

ನೇರವಾಗಿ ಹೇಳ್ತೀನಿ. ಇಂಥ ನಾಣ್ಯವನ್ನ ಈಸ್ಟ್ ಇಂಡಿಯಾ ಕಂಪನಿ ಯಾವತ್ತೂ ಅಚ್ಚು ಹಾಕಿಲ್ಲ. ಇದನ್ನ ನಕಲಿ ಅಂತ ಕರೆಯೋದೂ ಪೂರ್ತಿ ಸರಿಯಲ್ಲ, ಯಾಕೆಂದರೆ ನಕಲಿ ಅನ್ನೋಕೆ ಒಂದು ಅಸಲಿ ಇರಬೇಕಲ್ಲ? ಇದಕ್ಕೆ ಅಸಲಿಯೇ ಇಲ್ಲ. ನಾಣ್ಯ ಸಂಗ್ರಾಹಕರು ಇಂಥದ್ದನ್ನ ‘ಫ್ಯಾಂಟಸಿ’ ಅಂತಾರೆ, ಅಂದ್ರೆ ಕಲ್ಪನೆಯ ಬಿಲ್ಲೆ.

ಇದನ್ನ ಹಿಡಿಯೋಕೆ ಲ್ಯಾಬ್ ಬೇಡ, ತಕ್ಕಡಿಯೂ ಬೇಡ. ಫೋಟೋ ಸಾಕು. ಲೋಹ ನೋಡೋ ಮುಂಚೆ ಇಸವಿ ನೋಡಬೇಕು, ಅಷ್ಟೇ. ಆನ್‌ಲೈನ್ ಹರಾಜಿನಲ್ಲಿ ನಾಣ್ಯ ನಮ್ಮ ಕೈಗೆ ಸಿಗಲ್ಲ. ಮುಟ್ಟೋಕಾಗಲ್ಲ, ತೂಗೋಕಾಗಲ್ಲ. ನಮಗೆ ಕಾಣೋದು ಚಿತ್ರ ಮತ್ತು ಮಾರುವವರ ವಿವರಣೆ. ಹಾಗಾಗಿ ಮೊದಲ ಪರೀಕ್ಷೆ ಇತಿಹಾಸದ್ದೇ ಆಗಿರಬೇಕು. ಇವತ್ತು ಆ ಪರೀಕ್ಷೆ ಹೇಗೆ ಮಾಡೋದು ಅಂತ ನೋಡೋಣ.

ಮೂರು ಇಸವಿ, ಮೂರು ಸುಳ್ಳು

1616ರಿಂದ ಶುರು ಮಾಡೋಣ. ಕಂಪನಿ ಹುಟ್ಟಿದ್ದು 1600ನೇ ಇಸವಿಯ ಡಿಸೆಂಬರ್ 31ಕ್ಕೆ. 1616ರಲ್ಲಿ ಮೊಘಲ್ ಗದ್ದುಗೆಯ ಮೇಲಿದ್ದವನು ಜಹಾಂಗೀರ್. ಇಂಗ್ಲೆಂಡ್ ರಾಜನ ರಾಯಭಾರಿ ಸರ್ ಥಾಮಸ್ ರೋ ಅವನ ಆಸ್ಥಾನದಲ್ಲಿ ವ್ಯಾಪಾರದ ಅನುಕೂಲ ಕೇಳ್ಕೊಂಡು ಕಾಯ್ತಿದ್ದ. ಸೂರತ್‌ನಲ್ಲಿ ಒಂದು ಕೋಠಿ ಇಟ್ಕೊಂಡಿದ್ದ ವ್ಯಾಪಾರಿಗಳು ಅವರು, ಅಷ್ಟೇ. ನಾಣ್ಯ ಹೊರಡಿಸೋದು ರಾಜನ ಹಕ್ಕು. ಬೇರೆಯವರ ರಾಜ್ಯದಲ್ಲಿ ಅಂಗಡಿ ಇಟ್ಟವರು ತಮ್ಮ ಹೆಸರಲ್ಲಿ ದುಡ್ಡು ಅಚ್ಚು ಹಾಕೋಕೆ ಬರ್ತಿರಲಿಲ್ಲ. ಹಡಗಲ್ಲಿ ತಂದ ಬೆಳ್ಳಿಯನ್ನ ಮೊಘಲರ ಟಂಕಸಾಲೆಗೇ ಕೊಟ್ಟು ರೂಪಾಯಿ ಮಾಡಿಸ್ಕೋಬೇಕಿತ್ತು. ಬೊಂಬಾಯಿಯಲ್ಲಿ ಕಂಪನಿಯ ಗವರ್ನರ್ ಜೆರಾಲ್ಡ್ ಆಂಜಿಯರ್ ಟಂಕಸಾಲೆ ಶುರು ಮಾಡಿದ್ದು 1672ರಲ್ಲಿ. ಅಂದ್ರೆ ಈ ಬಿಲ್ಲೆಯ ಇಸವಿಗೂ ಅಲ್ಲಿನ ಕಂಪನಿ ಟಂಕಸಾಲೆಗೂ ಐವತ್ತಾರು ವರ್ಷ ಅಂತರ. ಆಗ ಹೊರಬಂದ ನಾಣ್ಯಗಳ ಹೆಸರೂ ಬೇರೆ: ಬೆಳ್ಳಿಯದು ಆಂಗ್ಲಿನಾ, ತಾಮ್ರದ್ದು ಕಾಪರೂನ್, ತವರದ್ದು ಟಿನ್ನಿ.

ಇನ್ನೊಂದು ವಿಷಯ. ಕಂಪನಿಯ ತಾಮ್ರದ ನಾಣ್ಯಗಳ ಮೇಲೆ ಎರಡು ಸಿಂಹ ಹಿಡಿದಿರೋ ಗುರಾಣಿಯ ಲಾಂಛನ ನೋಡಿರ್ತೀರಿ. ಅದು 1698ರಲ್ಲಿ ಹುಟ್ಟಿದ ಹೊಸ ಪ್ರತಿಸ್ಪರ್ಧಿ ಕಂಪನಿಯ ಲಾಂಛನ. ಆಮೇಲೆ ಎರಡೂ ಕಂಪನಿ ಒಂದಾದಾಗ ಅದೇ ಉಳೀತು. ಅದಕ್ಕೂ ಹಿಂದಿನ ಹಳೇ ಕಂಪನಿಯ ಲಾಂಛನದಲ್ಲಿ ಇದ್ದದ್ದು ಮೂರು ಹಡಗು. ಹಾಗಾಗಿ ಸಿಂಹದ ಲಾಂಛನ 1616ರ ಬಿಲ್ಲೆ ಮೇಲೆ ಕಂಡರೆ ಅಲ್ಲಿಗೇ ಆಟ ಮುಗೀತು.

ಈಗ 1717. ತಮಾಷೆ ಏನು ಗೊತ್ತಾ? ಈ ಇಸವಿ ನಿಜವಾಗಲೂ ನಾಣ್ಯ ಇತಿಹಾಸದಲ್ಲಿ ಮುಖ್ಯವಾದದ್ದು. ಮೊಘಲ್ ಬಾದಶಹ ಫರೂಖ್‌ಸಿಯಾರ್ ಬೊಂಬಾಯಿ ಟಂಕಸಾಲೆಯಲ್ಲಿ ಮೊಘಲ್ ಮಾದರಿಯ ರೂಪಾಯಿ ಅಚ್ಚು ಹಾಕೋಕೆ ಕಂಪನಿಗೆ ಅನುಮತಿ ಕೊಟ್ಟದ್ದು 1717ರಲ್ಲೇ. ಆದರೆ ಷರತ್ತು ಇತ್ತು. ನಾಣ್ಯ ಬಾದಶಹನ ಹೆಸರಲ್ಲಿ, ಪಾರ್ಸಿ ಲಿಪಿಯಲ್ಲಿ ಇರಬೇಕು. ಅಂದ್ರೆ 1717ರ ಅಸಲಿ ಕಂಪನಿ ರೂಪಾಯಿ ನೋಡಿದರೆ ಅದು ಕಂಪನಿಯದು ಅಂತ ನಮಗೆ ಗೊತ್ತೂ ಆಗಲ್ಲ. ಕಂಪನಿಗೂ ಅದೇ ಬೇಕಿತ್ತು. ಪೇಟೆಯಲ್ಲಿ ಜನ ನಂಬ್ತಿದ್ದದ್ದು ಮೊಘಲ್ ರೂಪಾಯಿಯನ್ನ, ಕಡಲಾಚೆಯ ವ್ಯಾಪಾರಿಯ ಹೆಸರನ್ನಲ್ಲ.

1818ಕ್ಕೆ ಬನ್ನಿ. ಅಷ್ಟೊತ್ತಿಗೆ ಕಂಪನಿ ದೊಡ್ಡ ಶಕ್ತಿ, ಟಂಕಸಾಲೆಗಳೂ ಇದ್ದವು. ಹಾಗಾದರೆ 1818ರ ‘ಅರ್ಧ ಆಣೆ’ ಯಾಕೆ ಇರಬಾರದು? ಆಗಿನ ಅಸಲಿ ನಾಣ್ಯಗಳನ್ನೇ ನೋಡಿ. ಬಂಗಾಳದಲ್ಲಿ ಕಂಪನಿಯ ಬೆಳ್ಳಿ ರೂಪಾಯಿ ಮೇಲೆ ಇನ್ನೂ ಶಾ ಆಲಂ ಹೆಸರಿತ್ತು. ಆ ಬಾದಶಹ ತೀರಿಕೊಂಡದ್ದು 1806ರಲ್ಲಿ! ಸತ್ತು ಹನ್ನೆರಡು ವರ್ಷ ಆದರೂ ಅವನ ಹೆಸರಲ್ಲೇ, ಅವನ ಆಳ್ವಿಕೆಯ 19ನೇ ವರ್ಷ ಅಂತಲೇ ಅಚ್ಚು ಬೀಳ್ತಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಪಗೋಡ, ಫಣ, ಕಾಸು ಅನ್ನೋ ಬೇರೆಯೇ ಲೆಕ್ಕ ಬಹಳ ಕಾಲ ನಡೆದಿತ್ತು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ಆನೆ ಇತ್ತು, ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಬರಹ ಇತ್ತು. ಕಂಪನಿ ತಾಮ್ರದ ಮೇಲೆ ಇಂಗ್ಲಿಷಲ್ಲಿ ‘ಅರ್ಧ ಆಣೆ’ ಅಂತ ಬರೆದು ಚಲಾವಣೆಗೆ ಬಿಟ್ಟದ್ದು 1830ರ ದಶಕದಲ್ಲಿ. ಒಂದು ಆಣೆಯ ನಾಣ್ಯ ಬ್ರಿಟಿಷ್ ಭಾರತದಲ್ಲಿ ಬಂದದ್ದು ಇನ್ನೂ ತಡವಾಗಿ, 1907ರಲ್ಲಿ. ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದ, ಅಂಚು ಅಲೆ ಅಲೆಯಾಗಿರೋ ನಾಣ್ಯ.

ಒಟ್ಟು ಭಾರತಕ್ಕೆ ಒಂದೇ ರೂಪಾಯಿ ಅನ್ನೋದು ಬಂದದ್ದು 1835ರ 17ನೇ ಕಾಯ್ದೆಯಿಂದ. ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ನಾಲ್ಕು ಪೈಸೆ, ಹನ್ನೆರಡು ಪೈ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಪದ್ಧತಿ ಬರೋ ತನಕ ಇದೇ ಲೆಕ್ಕ. ಇವತ್ತಿಗೂ ನಾವು ಪೂರ್ತಿ ನಿಜ ಅನ್ನೋಕೆ ‘ಹದಿನಾರಾಣೆ ಸತ್ಯ’ ಅಂತೀವಲ್ಲ, ಅದು ಈ ಲೆಕ್ಕದ ಮಾತು. ಈ ಬಿಲ್ಲೆಗಳು ಮಾತ್ರ ಹದಿನಾರಾಣೆ ಸುಳ್ಳು.

ಹಾಗಾದರೆ ರಾಮನ ನಾಣ್ಯವೇ ಇಲ್ಲವಾ?

ಇದೆ. ಈ ವಂಚನೆ ನಡೆಯೋದೇ ಅದರಿಂದ. ಪೂರ್ತಿ ಸುಳ್ಳನ್ನ ಯಾರೂ ನಂಬಲ್ಲ, ಸ್ವಲ್ಪ ನಿಜ ಬೆರೆಸಬೇಕು.

ಅಕ್ಬರನ ಕೊನೆಯ ದಿನಗಳಲ್ಲಿ, ಇಲಾಹಿ 50ನೇ ವರ್ಷ, ಅಂದ್ರೆ 1604-05ರಲ್ಲಿ ಒಂದು ನಾಣ್ಯ ಹೊರಬಂತು. ಬಿಲ್ಲು ಹಿಡಿದ ರಾಮ, ಜೊತೆಗೆ ಸೀತೆ, ಮೇಲೆ ನಾಗರಿ ಲಿಪಿಯಲ್ಲಿ ‘ರಾಮ ಸೀಯ’. ಚಿನ್ನದ ಅರ್ಧ ಮೊಹರು, ಬೆಳ್ಳಿಯ ಅರ್ಧ ರೂಪಾಯಿ, ಎರಡೂ ಬೆರಳೆಣಿಕೆಯಷ್ಟು ಉಳಿದಿವೆ. ಬೆಳ್ಳಿಯದು ವಾರಾಣಸಿಯ ಭಾರತ್ ಕಲಾ ಭವನದಲ್ಲಿದೆ.

ಅದಕ್ಕೂ ಮುಂಚಿನದು ನಮ್ಮ ಕಡೆಯದೇ. 1565ರಲ್ಲಿ ತಾಳಿಕೋಟೆ ಯುದ್ಧ ಆಗಿ ವಿಜಯನಗರ ಪಾಳು ಬಿದ್ದಮೇಲೆ ಅರವೀಡು ಮನೆತನದ ತಿರುಮಲರಾಯ ಪೆನುಕೊಂಡದಿಂದ ಆಳಿದ. ಅವನ ಚಿನ್ನದ ವರಾಹದ ಮೇಲೆ ಕುಳಿತ ರಾಮ-ಸೀತೆ, ಪಕ್ಕದಲ್ಲಿ ನಿಂತ ಲಕ್ಷ್ಮಣ ಇದ್ದಾರೆ. ರಾಜಧಾನಿ ಕಳ್ಕೊಂಡ ಅರಸ ನಾಣ್ಯದ ಮೇಲೆ ರಾಮನನ್ನ ಇಟ್ಟ. ಹನುಮಂತ ಬೇಕಾ? ಅವನೂ ವಿಜಯನಗರದ ಆರಂಭದ ಅರಸರ ಚಿನ್ನದ ನಾಣ್ಯದಲ್ಲೇ ಇದ್ದಾನೆ. ವರಾಹದ ತೂಕ ಸುಮಾರು 3.4 ಗ್ರಾಂ, ಅಗಲ ಒಂದು ಶರ್ಟ್ ಗುಂಡಿಯಷ್ಟು. ಹರಾಜಿನಲ್ಲಿ ತೋರಿಸೋ ಅಂಗೈ ಬಿಲ್ಲೆಗೂ ಇದಕ್ಕೂ ಸಂಬಂಧವೇ ಇಲ್ಲ.

ಹೈದರ್ ಅಲಿ ಕೂಡ ಇದೇ ದಾರಿ ಹಿಡಿದ. 1763ರಲ್ಲಿ ಬಿದನೂರು ಗೆದ್ದಮೇಲೆ ಇಕ್ಕೇರಿ ನಾಯಕರ ಕಾಲದ ಶಿವ-ಪಾರ್ವತಿ ಚಿತ್ರವನ್ನ ತನ್ನ ಚಿನ್ನದ ನಾಣ್ಯದಲ್ಲಿ ಮುಂದುವರಿಸಿದ. ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನ ಪಾರ್ಸಿಯಲ್ಲಿ ಹಾಕಿಸಿದ. ಜನಕ್ಕೆ ಗೊತ್ತಿರೋ ವರಾಹವನ್ನ ಬದಲಾಯಿಸಿದರೆ ಪೇಟೆ ಕೆಡತ್ತೆ ಅನ್ನೋದು ಆಳುವವರಿಗೆ ಗೊತ್ತಿತ್ತು.

ಇನ್ನು ಈಸ್ಟ್ ಇಂಡಿಯಾ ಕಂಪನಿ? ಅವರೂ ದೇವರನ್ನ ಬಿಟ್ಟಿಲ್ಲ. ಮದ್ರಾಸಿನಲ್ಲಿ ಕಂಪನಿ ಹೊರಡಿಸಿದ ‘ಮೂರು ಸ್ವಾಮಿ’ ಪಗೋಡದಲ್ಲಿ ವಿಷ್ಣು ಮತ್ತು ಇಬ್ಬರು ದೇವಿಯರಿದ್ದಾರೆ. 1808ರ ಆಸುಪಾಸಿನ ಮದ್ರಾಸಿನ ಬೆಳ್ಳಿಯ ಅರ್ಧ ಪಗೋಡ, ಕಾಲು ಪಗೋಡಗಳಲ್ಲಿ ಒಂದು ಕಡೆ ದೇವಸ್ಥಾನದ ಗೋಪುರ, ಇನ್ನೊಂದು ಕಡೆ ವಿಷ್ಣು. ದಕ್ಷಿಣದ ಪೇಟೆಯ ರೂಢಿ ಅದಾಗಿತ್ತು, ಕಂಪನಿ ಪಾಲಿಸ್ತು. ಹಾಗಾಗಿ ‘ಬ್ರಿಟಿಷರೂ ದೇವರನ್ನ ನಾಣ್ಯದ ಮೇಲೆ ಹಾಕಿದ್ದರು’ ಅಂತ ಯಾರಾದರೂ ಹೇಳಿದರೆ ಆ ವಾಕ್ಯ ನಿಜ. ‘ಅದಕ್ಕೆ ಸಾಕ್ಷಿ ಈ 1818ರ ಬಿಲ್ಲೆ’ ಅನ್ನೋದು ಸುಳ್ಳು.

ಇದರ ಜೊತೆಗೆ ‘ರಾಮಟಂಕ’ ಅನ್ನೋ ಸಂಪ್ರದಾಯವೂ ಇದೆ. ರಾಮ ಪಟ್ಟಾಭಿಷೇಕದ ಚಿತ್ರ ಇರೋ ಚಿನ್ನ, ಬೆಳ್ಳಿ, ಹಿತ್ತಾಳೆಯ ಪದಕಗಳು. ಪೂಜೆಗೆ ಇಡೋದು, ಯಾತ್ರೆಯಿಂದ ತರೋದು. ಇವು ನಾಣ್ಯ ಅಲ್ಲ, ಯಾವ ಪೇಟೆಯಲ್ಲೂ ಇದನ್ನ ಕೊಟ್ಟು ಅಕ್ಕಿ ತರ್ತಿರಲಿಲ್ಲ. ಪೂಜೆಯ ವಸ್ತುವಾಗಿ ಅದಕ್ಕೆ ಅದರದ್ದೇ ಗೌರವ ಇದೆ. ನಿಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಒಂದು ಇದ್ದರೆ ಅದನ್ನ ನಕಲಿ ಅಂತ ಎಸೀಬೇಡಿ. ‘ಪುರಾತನ ನಾಣ್ಯ’ ಅಂತ ಮಾರೋಕೂ ಹೋಗ್ಬೇಡಿ.

ನಾಣ್ಯ ಅಸಲಿ, ವಿವರಣೆ ಸುಳ್ಳು

ಫ್ಯಾಂಟಸಿ ಬಿಲ್ಲೆ ಹಿಡಿಯೋದು ಸುಲಭ. ಇದಕ್ಕಿಂತ ಜಾಸ್ತಿ ದುಡ್ಡು ಹೋಗೋದು ಇನ್ನೊಂದು ಕಡೆ. ನಾಣ್ಯ ಅಸಲಿಯೇ, ಆದರೆ ಅದರ ಬಗ್ಗೆ ಹೇಳಿರೋದು ಸುಳ್ಳು ಅಥವಾ ಅರ್ಧ ನಿಜ.

ವಿಕ್ಟೋರಿಯಾ ರೂಪಾಯಿ ತಗೊಳ್ಳಿ. 1862ರಿಂದ 1876ರ ತನಕ ಅದರ ಮೇಲೆ ‘ಕ್ವೀನ್’ ಅಂತ ಇರತ್ತೆ. 1877ರ ಜನವರಿ 1ಕ್ಕೆ ದೆಹಲಿ ದರ್ಬಾರಿನಲ್ಲಿ ಅವಳನ್ನ ಭಾರತದ ಸಾಮ್ರಾಜ್ಞಿ ಅಂತ ಸಾರಿದರು. ಆಮೇಲಿನದರ ಮೇಲೆ ‘ಎಂಪ್ರೆಸ್’. ಹಾಗಾಗಿ ‘1862 ವಿಕ್ಟೋರಿಯಾ ಎಂಪ್ರೆಸ್’ ಅಂತ ಲಿಸ್ಟಿಂಗ್ ಕಂಡರೆ ಎರಡರಲ್ಲಿ ಒಂದು: ಬರೆದವರಿಗೆ ನಾಣ್ಯ ಗೊತ್ತಿಲ್ಲ, ಇಲ್ಲಾ ನಾಣ್ಯ ಸರಿಯಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. 1862 ಅಂತ ಇಸವಿ ಇರೋ ರೂಪಾಯಿಯನ್ನ ಆ ಒಂದೇ ವರ್ಷ ಅಚ್ಚು ಹಾಕಿದ್ದಲ್ಲ. ಅದೇ ಇಸವಿ ಇಟ್ಕೊಂಡು 1873ರ ತನಕ ಹಾಕ್ತಾ ಹೋದರು, ವರ್ಷ ಗುರುತಿಸೋಕೆ ಸಣ್ಣ ಚುಕ್ಕೆಗಳನ್ನ ಸೇರಿಸ್ತಿದ್ದರು. ಅದಕ್ಕೇ 1862ರ ರೂಪಾಯಿ ಅಷ್ಟು ಹೇರಳ. ‘160 ವರ್ಷ ಹಳೇದು’ ಅನ್ನೋ ಮಾತಿನಿಂದ ಬೆಲೆ ಏರಲ್ಲ. ಹಳೇದು ಬೇರೆ, ಅಪರೂಪ ಬೇರೆ.

ಇದಕ್ಕೆ ಇನ್ನೂ ಒಳ್ಳೇ ಉದಾಹರಣೆ ಸಮುದ್ರದ ತಳದಲ್ಲಿದೆ. ಮದ್ರಾಸಿಗೆ ಅಂತ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿದ 1808ರ ತಾಮ್ರದ ಕಾಸುಗಳನ್ನ ಹೊತ್ತ ‘ಅಡ್ಮಿರಲ್ ಗಾರ್ಡ್‌ನರ್’ ಅನ್ನೋ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡ್ ಕರಾವಳಿಯಲ್ಲೇ ಬಿರುಗಾಳಿಗೆ ಸಿಕ್ಕಿ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗ್ತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ಲಕ್ಷಗಟ್ಟಲೆ ಕಾಸು ಎತ್ತಿದರು. ಇವು ನೂರಕ್ಕೆ ನೂರು ಅಸಲಿ ಕಂಪನಿ ನಾಣ್ಯ, ಮೇಲೆ ಸಿಂಹದ ಲಾಂಛನ, ಇಂಗ್ಲಿಷ್ ಮತ್ತು ಪಾರ್ಸಿ ಬರಹ. ಕಥೆಯೂ ಅದ್ಭುತ. ಆದರೆ ಅಪರೂಪ ಅಲ್ಲ. ‘ಜಗತ್ತಿನಲ್ಲೇ ವಿರಳ’ ಅಂತ ಇದನ್ನ ಮಾರಿದರೆ ಅದು ತಪ್ಪು ವಿವರಣೆ. ಶುರು ಮಾಡೋರಿಗೆ ಮಾತ್ರ ಇದು ಒಳ್ಳೇ ನಾಣ್ಯ. ಕಡಿಮೆ ಬೆಲೆಗೆ ನಿಜವಾದ ಇತಿಹಾಸ ಕೈಗೆ ಬರತ್ತೆ.

‘ಹಂದಿ ರೂಪಾಯಿ’ ಕೇಳಿದೀರಾ? 1911ರ ಐದನೇ ಜಾರ್ಜ್ ರೂಪಾಯಿ. ರಾಜನ ಎದೆಯ ಮೇಲಿನ ಆಭರಣದಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಮೋಟಾಗಿತ್ತು ಅಂದ್ರೆ ಜನಕ್ಕೆ ಅದು ಹಂದಿ ಥರ ಕಾಣಿಸ್ತು. ಮುಸ್ಲಿಮರು ಆಕ್ಷೇಪ ಎತ್ತಿದರು, ಸರ್ಕಾರ ನಾಣ್ಯ ವಾಪಸ್ ತಗೊಂಡು ಬಹುಪಾಲು ಕರಗಿಸ್ತು. 1912ರಲ್ಲಿ ಸೊಂಡಿಲು ತಿದ್ದಿ ಹೊಸದು ಬಿಟ್ಟರು. ಹಾಗಾಗಿ 1918ರದ್ದನ್ನೋ 1920ರದ್ದನ್ನೋ ‘ಹಂದಿ ರೂಪಾಯಿ’ ಅಂತ ಮಾರ್ತಿದ್ದರೆ ಮುಂದಕ್ಕೆ ಸ್ಕ್ರಾಲ್ ಮಾಡಿ.

ಮತ್ತೊಂದು ಬೂದು ಜಾಗ ‘ರೀಸ್ಟ್ರೈಕ್’. ಭಾರತದ ಟಂಕಸಾಲೆಗಳೇ ಸಂಗ್ರಾಹಕರಿಗಾಗಿ ಹಳೇ ಅಚ್ಚುಗಳಿಂದ ಹೊಸದಾಗಿ ನಾಣ್ಯ ಮಾಡಿ ಕೊಡ್ತಿದ್ದವು, 1970ರ ತನಕ. ಇವು ನಕಲಿ ಅಲ್ಲ, ಸರ್ಕಾರಿ ಟಂಕಸಾಲೆಯದ್ದೇ. ಆದರೆ 1840ರ ಇಸವಿ ಇದ್ದ ಮಾತ್ರಕ್ಕೆ 1840ರಲ್ಲಿ ಹುಟ್ಟಿದ್ದೂ ಅಲ್ಲ. ಕನ್ನಡಿ ಥರ ಹೊಳೆಯೋ ಹಳೇ ನಾಣ್ಯ ಕಂಡರೆ ‘ಇದು ಮೂಲದ್ದಾ, ರೀಸ್ಟ್ರೈಕಾ?’ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ತಪ್ಪಿಸಿಕೊಂಡರೆ ಅದೇ ಉತ್ತರ.

ಟಿಪ್ಪು ಸುಲ್ತಾನನ ಆನೆ ಕಾಸಿಗೆ ಬೇರೆ ಥರದ ಗೊಂದಲ. ತನ್ನ ಆಳ್ವಿಕೆಯ ನಡುವೆ ಅವನು ಹಿಜರಿ ಶಕೆ ಬಿಟ್ಟು ಮೌಲೂದಿ ಶಕೆ ತಂದ. 1215ನೇ ವರ್ಷದಿಂದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಅಂದ್ರೆ ಮೌಲೂದಿ 1224 ಅನ್ನೋದನ್ನ ನಾವು ಎಡದಿಂದ ಓದಿದರೆ 4221 ಥರ ಕಾಣತ್ತೆ. ಅದನ್ನ ನೋಡಿ ‘ತಪ್ಪು ಅಚ್ಚಿನ ಅಪರೂಪದ ನಾಣ್ಯ’ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಅದು ಟಿಪ್ಪುವಿನ ಪದ್ಧತಿ, ತಪ್ಪಲ್ಲ. ಆಗಿನ ಕಾಸು ಹಿಂಗೇ ಇರಬೇಕು.

ತಿದ್ದಿದ ಇಸವಿ: 1939ರ ಕಥೆ

ಮೂರನೇ ಜಾತಿ ಇನ್ನೂ ಚಾಲಾಕಿ. ಅಸಲಿ ನಾಣ್ಯವನ್ನೇ ತಗೊಂಡು ಒಂದು ಅಂಕಿ ತಿದ್ದೋದು. ಭಾರತದಲ್ಲಿ ಇದಕ್ಕೆ ಹೆಸರಾದದ್ದು ಆರನೇ ಜಾರ್ಜ್‌ನ 1939ರ ರೂಪಾಯಿ.

1938ರ ರೂಪಾಯಿಯಲ್ಲಿ ಶೇ 91.7ರಷ್ಟು ಬೆಳ್ಳಿ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು, ಜನ ಬೆಳ್ಳಿ ರೂಪಾಯಿ ಕೂಡಿಡೋಕೆ ಶುರು ಮಾಡಿದರು. 1940ರಲ್ಲಿ ಸರ್ಕಾರ ಬೆಳ್ಳಿಯನ್ನ ಅರ್ಧಕ್ಕೆ ಇಳಿಸ್ತು, ಖೋಟಾ ತಡೆಯೋಕೆ ಅಂಚಿನಲ್ಲಿ ಗೀರಿನ ನಡುವೆ ಒಂದು ಕಾಲುವೆ ಇರೋ ‘ಸೆಕ್ಯೂರಿಟಿ ಎಡ್ಜ್’ ತಂತು. ನಡುವಿನ 1939ರ ಇಸವಿ ಇರೋ ರೂಪಾಯಿ ಉಳಿದಿರೋದು ತೀರಾ ಕಮ್ಮಿ. 1938ರದ್ದು ಸುಲಭವಾಗಿ ಸಿಗತ್ತೆ. ಹಾಗಾಗಿ 8ರ ಕೆಳಗಿನ ಸೊನ್ನೆಯನ್ನ ಕೆತ್ತಿ 9 ಮಾಡ್ತಾರೆ. ತೂಕ ಸರಿ, ಬೆಳ್ಳಿ ಸರಿ, ಅಂಚು ಸರಿ. ಸುಳ್ಳು ಇರೋದು ಒಂದು ಮಿಲಿಮೀಟರ್ ಜಾಗದಲ್ಲಿ.

ಇದನ್ನ ಕೊಳ್ಳೋ ಯೋಚನೆ ಇದ್ದರೆ ಇಸವಿಯ ಕ್ಲೋಸ್-ಅಪ್ ಫೋಟೋ ಕೇಳಿ, ಓರೆ ಬೆಳಕಿನಲ್ಲಿ ತೆಗೆದದ್ದು. ಕೆತ್ತಿದ ಕಡೆ ಸುತ್ತಲಿನ ಮೈ ಬೇರೆ ಥರ ಹೊಳೆಯತ್ತೆ, ಸಣ್ಣ ಗೀರು ಕಾಣತ್ತೆ, 9ರ ಬಾಲ ಉಳಿದ ಅಂಕಿಗಳಿಗಿಂತ ತೆಳ್ಳಗಿರತ್ತೆ. ಇಷ್ಟು ದುಬಾರಿ ನಾಣ್ಯವನ್ನ ಬರೀ ಫೋಟೋ ನೋಡಿ ಕೊಳ್ಳೋ ಸಾಹಸ ಬೇಡ. ಗ್ರೇಡಿಂಗ್ ಸಂಸ್ಥೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಅದರ ಮೇಲಿನ ನಂಬರನ್ನ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿರೋ ಚಿತ್ರಕ್ಕೂ ಇದಕ್ಕೂ ಗೀರು ಗೀರು ಹೋಲಿಸಿ. ಡಬ್ಬಿಯನ್ನೂ ನಕಲು ಮಾಡ್ತಾರೆ.

ತಕ್ಕಡಿ, ನೀರು, ಅಯಸ್ಕಾಂತ

ಇತಿಹಾಸದ ಪರೀಕ್ಷೆ ಪಾಸಾದಮೇಲೆ ಲೋಹದ್ದು. 1835ರಿಂದ ಬೆಳ್ಳಿ ರೂಪಾಯಿಯ ತೂಕ 180 ಗ್ರೇನ್, ಅಂದ್ರೆ 11.66 ಗ್ರಾಂ. ಅಗಲ ಸುಮಾರು 30.5 ಮಿಲಿಮೀಟರ್. ವಿಲಿಯಂ, ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಎಲ್ಲರದ್ದೂ ಇದೇ ತೂಕ. ಸವೆದಿದ್ದರೆ ಸ್ವಲ್ಪ ಕಮ್ಮಿ ಇರಬಹುದು, ಜಾಸ್ತಿ ಇರೋಕೆ ಕಾರಣವೇ ಇಲ್ಲ. ಬಿಡ್ ಮಾಡೋ ಮುಂಚೆ ನಾಣ್ಯ ತಕ್ಕಡಿಯ ಮೇಲಿರೋ ಫೋಟೋ, ಅಂಚಿನ ಫೋಟೋ ಕೇಳಿ. ಅಂಚಿನ ಸುತ್ತ ಒಂದು ಗೆರೆ ಓಡಿದ್ದರೆ ಎರಡು ಅಚ್ಚಿನ ನಡುವೆ ಲೋಹ ಎರಕ ಹೊಯ್ದಿರೋ ಸಾಧ್ಯತೆ ಜಾಸ್ತಿ. ಮೈಮೇಲೆ ಸೂಜಿ ಮೊನೆಯಂಥ ತೂತು, ಅಕ್ಷರಗಳು ಸೋಪಿನ ಥರ ನುಣ್ಣಗೆ, ಇವೂ ಎರಕದ ಗುರುತು.

ನಾಣ್ಯ ಮನೆಗೆ ಬಂದಮೇಲೆ ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ಮೇಲೆ ನೀರಿರೋ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನ ತೆಳು ದಾರದಲ್ಲಿ ಕಟ್ಟಿ ತಳ, ಗೋಡೆ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ಶೇ 91.7 ಬೆಳ್ಳಿಯ 11.66 ಗ್ರಾಂ ನಾಣ್ಯಕ್ಕೆ ತಕ್ಕಡಿ ಸುಮಾರು 1.13 ತೋರಿಸಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಾಣ್ಯವಾದರೆ ಸುಮಾರು 1.31 ಬರತ್ತೆ. ಬೆಳ್ಳಿ ಹೆಚ್ಚು ಸಾಂದ್ರ, ಹಾಗಾಗಿ ಕಮ್ಮಿ ಜಾಗ ಹಿಡಿಯತ್ತೆ. ನಾಣ್ಯಕ್ಕೆ ಏನೂ ಹಾನಿ ಇಲ್ಲ.

ಅಯಸ್ಕಾಂತದ ಬಗ್ಗೆ ಒಂದು ಎಚ್ಚರಿಕೆ. ಬೆಳ್ಳಿ, ತಾಮ್ರ ಅಂಟಲ್ಲ, ಅಂಟಿದರೆ ನಕಲಿ. ಆದರೆ 1947ರ ಹುಲಿ ಚಿತ್ರದ ಒಂದು ರೂಪಾಯಿ ಶುದ್ಧ ನಿಕ್ಕಲ್. ಅದು ಅಂಟಲೇಬೇಕು. ಇಲ್ಲೂ ಅಷ್ಟೇ, ಯಾವ ವರ್ಷದಲ್ಲಿ ಯಾವ ಲೋಹ ಅನ್ನೋ ಇತಿಹಾಸ ಗೊತ್ತಿಲ್ಲದಿದ್ದರೆ ಅಯಸ್ಕಾಂತವೂ ದಾರಿ ತಪ್ಪಿಸತ್ತೆ.

ಆನ್‌ಲೈನ್‌ನಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ: ಒಂದೇ ಥರದ ಹಲವು ಲಿಸ್ಟಿಂಗ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಬೇರೆ ಮಾರಾಟಗಾರರ ಎರಡು ನಾಣ್ಯದಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ತಗ್ಗು ಇದ್ದರೆ ಎರಡು ಸಾಧ್ಯತೆ. ಒಬ್ಬರ ಫೋಟೋ ಇನ್ನೊಬ್ಬರು ಕದ್ದಿದಾರೆ, ಇಲ್ಲಾ ಎರಡೂ ಒಂದೇ ತಾಯಿ ನಾಣ್ಯದಿಂದ ತೆಗೆದ ನಕಲು. ನೂರು ಕೈ ದಾಟಿ ಬಂದ ಎರಡು ನಾಣ್ಯ ಒಂದೇ ಥರ ಸವೆಯೋಕೆ ಆಗಲ್ಲ.

ಮಾರುವವರ ಕಥೆಗೂ ಕಾನೂನಿದೆ

‘ಮನೆ ಪಾಯ ತೋಡುವಾಗ ಸಿಕ್ತು’ ಅನ್ನೋದು ಲಿಸ್ಟಿಂಗಿನ ಜನಪ್ರಿಯ ಕಥೆ. ಹುದುಗಿದ್ದ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕು ಅನ್ನೋ ಕಾನೂನು 1878ರಿಂದ ಇದೆ. ಹಾಗಾಗಿ ಆ ಕಥೆ ಸುಳ್ಳಾದರೆ ನಾಣ್ಯ ನಕಲಿ ಇರಬಹುದು, ನಿಜವಾದರೆ ಮಾರಾಟವೇ ಅಪರಾಧ ಇರಬಹುದು. ಎರಡೂ ನಿಮಗೆ ಬೇಡ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ, ಅದನ್ನ ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ದುಬೈ, ಅಮೆರಿಕದಲ್ಲಿ ಕೂತು ಕೇಳ್ತಿರೋ ಗೆಳೆಯರೇ, ಊರಿಂದ ಪಾರ್ಸಲ್ ತರಿಸೋ ಮುಂಚೆ ಇದು ನೆನಪಿರಲಿ.

ಇನ್ನು ಉಲ್ಟಾ ವಂಚನೆ. ‘ನಿಮ್ಮ ಹತ್ತಿರ ವೈಷ್ಣೋದೇವಿ ನಾಣ್ಯ ಇದೆಯಾ? ಹತ್ತು ಲಕ್ಷ ಕೊಡ್ತೀವಿ.’ 2012ರ ಇಸವಿಯ ಆ 5 ಮತ್ತು 10 ರೂಪಾಯಿ ನಾಣ್ಯ ಚಲಾವಣೆಗೇ ಬಂದದ್ದು, ಚಿಲ್ಲರೆಯಲ್ಲಿ ಇವತ್ತಿಗೂ ಸಿಗತ್ತೆ. ಹತ್ತು ಲಕ್ಷ ಬರಲ್ಲ. ಅದಕ್ಕೆ ಮೊದಲು ‘ನೋಂದಣಿ ಶುಲ್ಕ’, ‘ಜಿಎಸ್‌ಟಿ’, ‘ಆರ್‌ಬಿಐ ಕಮಿಷನ್’ ಅಂತ ನಿಮ್ಮ ದುಡ್ಡು ಹೋಗತ್ತೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು, ಹಳೇ ನೋಟು-ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳಲ್ಲ, ತನ್ನ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. ಕಾಮರ್ಸ್ ಕ್ಲಾಸಿನ ಮೊದಲ ಪಾಠ: ಮಾರುವವರಿಗೆ ದುಡ್ಡು ಬರಬೇಕು. ಮಾರುವವರೇ ಮೊದಲು ದುಡ್ಡು ಕಟ್ಟೋದು ಯಾವ ವ್ಯಾಪಾರ?

ಇದೇ ಕಂಪನಿ ಹೆಸರಿನ ಹನುಮಂತನ ಬಿಲ್ಲೆಗಳನ್ನ ‘ಅಕ್ಕಿ ಎಳೆಯೋ ನಾಣ್ಯ’, ‘ರೈಸ್ ಪುಲ್ಲಿಂಗ್’ ಅಂತಲೂ ಮಾರ್ತಾರೆ. ಒಳಗೆ ಇರಿಡಿಯಂ ಇದೆ, ವಿದೇಶದಲ್ಲಿ ಕೋಟಿಗಟ್ಟಲೆ ಕೊಡ್ತಾರೆ ಅನ್ನೋ ಕಥೆ. ಅಕ್ಕಿಕಾಳಿಗೆ ಕಬ್ಬಿಣದ ಪುಡಿ ಹಚ್ಚಿ, ಕೆಳಗೆ ಅಯಸ್ಕಾಂತ ಅಡಗಿಸಿದರೆ ಯಾವ ಬಿಲ್ಲೆಯೂ ಅಕ್ಕಿ ಎಳೆಯತ್ತೆ. ಇದನ್ನ ನಂಬಿ ಹೊಲ, ಒಡವೆ ಮಾರಿಕೊಂಡವರಿದ್ದಾರೆ.

ದುಡ್ಡು ಹೋಗೋದು ಒಂದು ನಷ್ಟ. ಇನ್ನೊಂದು ನಷ್ಟ ನಿಧಾನವಾಗಿ ಆಗತ್ತೆ. ಇವತ್ತು ಇನ್ನೂರು ರೂಪಾಯಿಗೆ ಕೊಂಡ 1818ರ ಬಿಲ್ಲೆ ಇಪ್ಪತ್ತು ವರ್ಷ ಆದಮೇಲೆ ‘ನಮ್ಮ ತಾತನ ಕಾಲದ ನಾಣ್ಯ’ ಆಗತ್ತೆ. ಅದರ ಫೋಟೋ ವಾಟ್ಸಾಪಿನಲ್ಲಿ ಓಡಾಡಿ ‘ನೋಡಿ, ಇತಿಹಾಸ ಪುಸ್ತಕದಲ್ಲಿ ಇದನ್ನ ಮುಚ್ಚಿಟ್ಟರು’ ಅನ್ನೋದಕ್ಕೆ ಸಾಕ್ಷಿ ಆಗತ್ತೆ. ಅತ್ತ ತಿರುಮಲರಾಯನ ಪುಟ್ಟ ವರಾಹ, ಅಕ್ಬರನ ರಾಮ-ಸೀಯ, ನಮ್ಮದೇ ಭಾಷೆಯಲ್ಲಿ ಬರೆದಿರೋ ಮಯಿಲಿ ಕಾಸು, ಇವುಗಳ ಹೆಸರು ಕೇಳಿದವರೇ ಕಮ್ಮಿ.

ಹಾಗಾಗಿ ಮೊದಲ ನಾಣ್ಯ ಕೊಳ್ಳೋ ಮುಂಚೆ ಮೊದಲ ಪುಸ್ತಕ ತಗೊಳ್ಳಿ. ಎ.ವಿ. ನರಸಿಂಹಮೂರ್ತಿ ಅವರ ಕರ್ನಾಟಕದ ನಾಣ್ಯಗಳ ಪುಸ್ತಕ, ಹೈದರ್-ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್ 1921ರಲ್ಲಿ ಬರೆದದ್ದು, ಇವು ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಬಹುದು. ಮ್ಯೂಸಿಯಮ್ಮಿಗೆ ಹೋದಾಗ ನಾಣ್ಯದ ಕಪಾಟಿನ ಮುಂದೆ ಹತ್ತು ನಿಮಿಷ ಜಾಸ್ತಿ ನಿಂತ್ಕೊಳ್ಳಿ. ಅಸಲಿಯನ್ನ ಕಣ್ಣು ಹತ್ತು ಸಲ ನೋಡಿದ್ದರೆ ನಕಲಿ ಕಂಡಾಗ ತಾನೇ ಅನುಮಾನ ಪಡತ್ತೆ.

ಹರಾಜಿನ ಗಡಿಯಾರ ‘ಇನ್ನು ಎರಡೇ ನಿಮಿಷ’ ಅಂತ ಕೆಂಪಗೆ ಮಿನುಗ್ತಿರತ್ತೆ. ಆಗ ಮೂರು ಪ್ರಶ್ನೆ ಕೇಳ್ಕೊಳ್ಳಿ: ಈ ಇಸವಿಯಲ್ಲಿ ಇದನ್ನ ಅಚ್ಚು ಹಾಕೋ ಹಕ್ಕು ಯಾರಿಗಿತ್ತು? ಆಗ ಯಾವ ಲೋಹ, ಎಷ್ಟು ತೂಕ? ಯಾವ ಲಿಪಿ, ಯಾವ ಲೆಕ್ಕ? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಹರಾಜು ಮುಗಿದು ಹೋಗಲಿ ಬಿಡಿ. ಅಸಲಿ ನಾಣ್ಯ ನೂರಾರು ವರ್ಷ ಕಾದಿದೆ, ಇನ್ನೊಂದು ವಾರ ಕಾಯತ್ತೆ.

ನಿಮ್ಮ ಮನೆಯ ಡಬ್ಬಿಯಲ್ಲಿ ಯಾವುದಾದರೂ ಹಳೇ ನಾಣ್ಯ ಇದ್ದರೆ ಇವತ್ತು ರಾತ್ರಿ ತೆಗೆದು ತೂಗಿ ನೋಡಿ. ತೊಳೀಬೇಡಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಜ್ಜಿದರೆ ಬೆಲೆ ಹೋಗತ್ತೆ.